ಸತ್ತ ಇಲಿಯನ್ನು ಹಾವು ಗುರುತಿಸುವ ಬಗೆ

(ಬದಿಯಡ್ಕದ ಬಳಿಯ ವಾಚನಾಲಯವೊಂದರಲ್ಲಿ ಸಾಕುಹಾವಿನ ಆಹಾರದ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾಗಬನದ ಹತ್ತಿರ ಚಪ್ಪಲಿ ಕಳಚಿಟ್ಟು, ದನಿ ತಗ್ಗಿಸಿ ನಡೆಯುವ ಊರಿನವರು ನಾವು. ಅಂಥ ಊರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಾವನ್ನಿಟ್ಟುಕೊಂಡು ಅದಕ್ಕೆ ಇಲಿ ತಿನ್ನಿಸುವ ವಿಷಯವಾಗಿ ಮಾತನಾಡಬೇಕೆಂದು ವಾಚನಾಲಯದವರು ಕೇಳಿದಾಗ ಎರಡು ದಿನ ಯೋಚಿಸಿಯೇ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಒಂದು ಕಾರಣವಿತ್ತು. ವಿದೇಶದ ಹಾವಿನ ಮರಿಗಳನ್ನು ತಂದು ಸಾಕುವ ನಮ್ಮ ಕಡೆಯ ನಾಲ್ಕಾರು ಹುಡುಗರನ್ನು ನಾನು ಬಲ್ಲೆ. ಅವರೆಲ್ಲರ ಮೊದಲ ಪ್ರಶ್ನೆ ಒಂದೇ: ಫ್ರೀಜರಿನಿಂದ ತೆಗೆದ ಇಲಿಯನ್ನು ಹಾವು ಮೂಸಿಯೂ ನೋಡುವುದಿಲ್ಲ, ಏನು ಮಾಡಲಿ? ಉತ್ತರ ಸಿಗದಿದ್ದಾಗ ಗಾಬರಿಯಿಂದ ಜೀವಂತ ಇಲಿಯನ್ನು ಪೆಟ್ಟಿಗೆಯೊಳಗೆ ಬಿಡುತ್ತಾರೆ. ನಾನೂ ಹಾಗೆ ಮಾಡಿದವನೇ ಆದ್ದರಿಂದ ಅದರ ಫಲ ಏನೆಂಬುದನ್ನು ಹೇಳುವ ಹೊಣೆ ನನ್ನ ಮೇಲಿದೆ.

ಮೊದಲು ಕಾನೂನಿನ ಮಾತನ್ನು ಹೇಳಿ ಮುಗಿಸುತ್ತೇನೆ. ತೋಟದಲ್ಲಿ ಕಾಣುವ ಕೇರೆ, ನಾಗರ, ಹೆಬ್ಬಾವುಗಳನ್ನು ಹಿಡಿದು ಸಾಕುವಂತಿಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅವು ಮನೆಯೊಳಗೆ ಬಂದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಿ ಪಡೆದವರನ್ನು ಕರೆಸಬೇಕು. ನಾನು ಮಾತನಾಡುತ್ತಿರುವುದು ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ಗಳಂಥ ವಿದೇಶಿ ಹಾವುಗಳ ಬಗ್ಗೆ ಮಾತ್ರ. ಅವುಗಳಲ್ಲಿ ಬಾಲ್ ಪೈಥಾನ್ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಜೀವಿಯಾದ್ದರಿಂದ, ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ದಯವಿಟ್ಟು ಕೊಳ್ಳಬೇಡಿ.

ನನ್ನ ಮನೆಗೆ ಹಾವು ಬಂದದ್ದು ನಾನು ಬಯಸಿಯಲ್ಲ. ತಂಗಿಯ ಮಗ ಬೆಂಗಳೂರಿನಲ್ಲಿದ್ದಾಗ ಸಾಕಿದ ಬಾಲ್ ಪೈಥಾನ್ ಅದು. ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿದಾಗ ಪೆಟ್ಟಿಗೆ, ಹೀಟ್ ಮ್ಯಾಟ್, ನೋಂದಣಿಯ ಕಾಗದ ಎಲ್ಲವನ್ನೂ ತಂದು ನಮ್ಮ ಚಾವಡಿಯಲ್ಲಿಟ್ಟು, “ಮಾವ, ನಿಮ್ಮನ್ನು ಬಿಟ್ಟರೆ ಇದನ್ನು ಒಪ್ಪಿಸಲಿಕ್ಕೆ ಬೇರೆ ಯಾರೂ ಇಲ್ಲ” ಎಂದ. ಸುಮಾರು 1,400 ಗ್ರಾಂ ತೂಗುವ ಹೆಣ್ಣು ಹಾವು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳು ಇದರ ಮೂಲ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಮೈಯನ್ನು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೂ ಅದರಿಂದಲೇ. ವಿಷವಿಲ್ಲ, ಸಿಟ್ಟಿಲ್ಲ. ಆದರೆ ಹುಡುಗ ಅದಕ್ಕೆ ಮರಿಯಾಗಿದ್ದಾಗಿನಿಂದ ಜೀವಂತ ಇಲಿಯನ್ನೇ ಕೊಟ್ಟು ರೂಢಿ ಮಾಡಿದ್ದ.

ನಮ್ಮದು ಮಾಂಸ ಬೇಯಿಸದ ಮನೆ. ಅಮ್ಮ ವಿಷಯ ತಿಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಹಾಲು ಕೊಟ್ಟರೆ ಸಾಕಾಗುದಿಲ್ವಾ ಮಗಾ?” ಎಂದು ಕೇಳಿದರು. ಸಾಕಾಗುವುದಿಲ್ಲ ಎಂದು ವಿವರಿಸಿ, ಒಂದು ಬಿಳಿ ಇಲಿಯನ್ನು ತಂದು, ರಾತ್ರಿ ಪೆಟ್ಟಿಗೆಯೊಳಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದಾಗ ಇಲಿ ಒಂದು ಮೂಲೆಯಲ್ಲಿ ಆರಾಮವಾಗಿ ಕುಳಿತಿತ್ತು. ಹಾವಿನ ಬೆನ್ನಿನ ಮೇಲೆ ಕುತ್ತಿಗೆಯಿಂದ ಸ್ವಲ್ಪ ಹಿಂದೆ ಎರಡು ಕಡೆ ಚರ್ಮ ಹರಿದು ಮಾಂಸ ಕಾಣುತ್ತಿತ್ತು. ಹಸಿವಿಲ್ಲದ ಹಾವು ಇಲಿಯನ್ನು ಹಿಡಿಯಲೂ ಹೋಗುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳಲೂ ಹೋಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಹಸಿದ, ಹೆದರಿದ ಇಲಿ ಎದುರಿಗೆ ಸಿಕ್ಕಿದ್ದನ್ನು ಕಡಿಯುತ್ತದೆ. ಗಾಯ ಮಾಗಲು ಎರಡು ಪೊರೆಗಳು ಕಳೆಯಬೇಕಾದವು, ಕಲೆ ಇನ್ನೂ ಇದೆ. ತಪ್ಪು ಹಾವಿನದೂ ಅಲ್ಲ, ಇಲಿಯದೂ ಅಲ್ಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಹಾಕಿದ ನನ್ನದು.

ಅಂದಿನಿಂದ ಸತ್ತ ಇಲಿಯನ್ನೇ ಕೊಡುವುದೆಂದು ನಿಶ್ಚಯಿಸಿದೆ. ಮಂಗಳೂರಿನಿಂದ ಹೆಪ್ಪುಗಟ್ಟಿಸಿದ ಬಿಳಿ ಇಲಿಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ ತಂದೆ. ಹಾವು ಮಾತ್ರ ಒಪ್ಪಲಿಲ್ಲ. ಒಂದು ವಾರವಲ್ಲ, ಹತ್ತು ವಾರ. ಆ ಹತ್ತು ವಾರಗಳಲ್ಲಿ ನಾನು ಕಲಿತದ್ದೇ ಇಂದಿನ ಉಪನ್ಯಾಸದ ತಿರುಳು: ಹಾವು ಹಟ ಮಾಡುವುದಿಲ್ಲ. ನಾವು ಎದುರಿಗಿಟ್ಟದ್ದು ಊಟವೆಂದು ಅದಕ್ಕೆ ತಿಳಿಯುವುದಿಲ್ಲ, ಅಷ್ಟೆ.

ಹಾವಿಗೆ ಊಟ ತಿಳಿಯುವುದು ಹೇಗೆ? ನಮಗೆ ತಟ್ಟೆಯಲ್ಲಿರುವುದು ಕಣ್ಣಿಗೆ ಕಂಡರೆ ಸಾಕು. ಬಾಲ್ ಪೈಥಾನ್ ರಾತ್ರಿ ಸಂಚರಿಸುವ, ಹೊಂಚುಹಾಕಿ ಹಿಡಿಯುವ ಪ್ರಾಣಿ. ಕಣ್ಣನ್ನು ಅದು ಅಷ್ಟಾಗಿ ನಂಬುವುದಿಲ್ಲ. ಸೀಳುನಾಲಗೆಯನ್ನು ಹೊರಚಾಚಿ ಗಾಳಿಯಲ್ಲಿರುವ, ನೆಲದಲ್ಲಿರುವ ವಾಸನೆಯ ಕಣಗಳನ್ನು ಹಿಡಿದು, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಇಲಿ ಅತ್ತ ಹೋಗಿದೆಯೇ ಇತ್ತ ಹೋಗಿದೆಯೇ ಎಂದು ತಿಳಿಯಲು ನಾಲಗೆಯ ಎರಡು ತುದಿಗಳು ನೆರವಾಗುತ್ತವೆ. ನೆಲದ ಕಂಪನವನ್ನು ದವಡೆಯ ಎಲುಬಿನ ಮೂಲಕ ಅರಿಯುತ್ತದೆ. ಇವೆರಡಕ್ಕಿಂತಲೂ ಸೋಜಿಗದ್ದು ತುಟಿಯ ಅಂಚಿನಲ್ಲಿರುವ ಸಣ್ಣ ಗುಳಿಗಳು. ಬಿಸಿ ರಕ್ತದ ಪ್ರಾಣಿಯ ಮೈಯಿಂದ ಹೊರಡುವ ಶಾಖವನ್ನು ಈ ಗುಳಿಗಳು ಕತ್ತಲೆಯಲ್ಲಿಯೂ ಗುರುತಿಸುತ್ತವೆ. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಗುಳಿಮಂಡಲಕ್ಕೂ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಇಂಥದೇ ಗುಳಿ ಇದೆ. ಈ ಗುಳಿಗಳ ನರಗಳಲ್ಲಿ ಶಾಖವನ್ನು ಅರಿಯುವ ಪ್ರೊಟೀನು ಯಾವುದೆಂದು 2010ರಲ್ಲಿ ಕಂಡುಹಿಡಿದ ತಂಡದಲ್ಲಿ, ಮುಂದೆ 2021ರಲ್ಲಿ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಇದ್ದರು. ನಾವು ಸಾಸಿವೆಯನ್ನು ಅರೆದಾಗ ಮೂಗಿಗೆ ಬಡಿಯುವ ಖಾರವನ್ನು ಅರಿಯುವುದೂ ಅದೇ ಬಗೆಯ ಪ್ರೊಟೀನು. ಹಾವಿನಲ್ಲಿ ಅದು ಶಾಖವನ್ನು ನೋಡುವ ಕೆಲಸಕ್ಕೆ ನಿಂತಿದೆ.

ಈಗ ಫ್ರೀಜರಿನಿಂದ ತೆಗೆದು ಕೋಣೆಯ ಶಾಖಕ್ಕೆ ಬಂದ ಇಲಿಯನ್ನು ಆ ಹಾವಿನ ಕಡೆಯಿಂದ ನೋಡಿ. ಅದು ಓಡಾಡುವುದಿಲ್ಲ, ಆದ್ದರಿಂದ ಕಂಪನವಿಲ್ಲ. ಹೆಪ್ಪುಗಟ್ಟಿದ್ದರಿಂದ ವಾಸನೆ ಮಂದವಾಗಿದೆ. ಸುತ್ತಲಿನ ಕಲ್ಲಿಗೂ ಅದಕ್ಕೂ ಶಾಖದಲ್ಲಿ ವ್ಯತ್ಯಾಸವಿಲ್ಲದ್ದರಿಂದ ಗುಳಿಗಳಿಗೆ ಅದು ಇಲ್ಲವೇ ಇಲ್ಲ. ಅಲ್ಲಿಗೆ ನಮ್ಮ ಕೆಲಸ ಏನೆಂಬುದು ಸ್ಪಷ್ಟ. ಹಾವನ್ನು ಪಳಗಿಸುವ ಪ್ರಯತ್ನವನ್ನು ಬಿಟ್ಟು, ಇಲಿಗೆ ಅದು ಕಳೆದುಕೊಂಡ ಬಿಸಿ, ವಾಸನೆ ಮತ್ತು ಸ್ವಲ್ಪ ಅಲುಗಾಟವನ್ನು ಮರಳಿ ಕೊಡಬೇಕು.

ಕರಗಿಸುವುದರಿಂದ ಆರಂಭಿಸೋಣ, ಏಕೆಂದರೆ ಅರ್ಧಕ್ಕರ್ಧ ಸೋಲು ಇಲ್ಲಿಯೇ ಆಗುತ್ತದೆ. ಹಿಂದಿನ ರಾತ್ರಿ ಇಲಿಯನ್ನು ಜಿಪ್ ಚೀಲದಲ್ಲಿ ಮುಚ್ಚಿ ಫ್ರೀಜರಿನಿಂದ ಕೆಳಗಿನ ತಣ್ಣಗಿನ ಖಾನೆಗೆ ಇಳಿಸಬೇಕು. ಮರುದಿನ ಸಂಜೆ ಅದೇ ಚೀಲವನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ನೀರು ಆರಿದಂತೆ ಬದಲಿಸುತ್ತ, ಮೈ ಹೊರಗಿನಿಂದ 38 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಕಾಯಬೇಕು. ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ: ನಡುವೆ ಗಟ್ಟಿ ತಗಲಿದರೆ ಒಳಗೆ ಇನ್ನೂ ಐಸ್ ಇದೆ, ಅಂಥದನ್ನು ನುಂಗಿದ ಹಾವು ಎರಡು ಮೂರು ದಿನಗಳಲ್ಲಿ ಹೊರಗೆ ಕಕ್ಕುತ್ತದೆ. ಬೇಗ ಆಗಲೆಂದು ಕುದಿಯುವ ನೀರು ಹೊಯ್ಯುವವರಿದ್ದಾರೆ. ಒಮ್ಮೆ ನಾನೂ ಹಂಡೆಯ ನೀರನ್ನು ಹಾಗೆಯೇ ತಂದು ಹೊಯ್ದಿದ್ದೆ. ಚರ್ಮ ಬೆಂದು ಹೊಟ್ಟೆ ಒಡೆಯಿತು, ಕೋಣೆಯ ವಾಸನೆ ಹೋಗಲು ಎರಡು ದಿನ ಹಿಡಿಯಿತು. ಮೈಕ್ರೊವೇವಿನಲ್ಲಿ ಇಡಲೇಬಾರದು. ಅದರೊಳಗೆ ಒಂದು ಭಾಗ ಬೆಂದು ಇನ್ನೊಂದು ಭಾಗ ಐಸಾಗಿಯೇ ಉಳಿಯುತ್ತದೆ. ಒಮ್ಮೆ ಕರಗಿಸಿದ ಇಲಿಯನ್ನು ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ. ಹಾವು ತಿನ್ನದಿದ್ದರೆ ತೆಂಗಿನ ಬುಡದಲ್ಲಿ ಆಳವಾಗಿ ಹೂಳುವುದೇ ಸರಿ.

ಶುಚಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹೆಪ್ಪುಗಟ್ಟಿಸಿದರೆ ಉಣ್ಣೆಗಳೂ ಹಲವು ಬಗೆಯ ಪರೋಪಜೀವಿಗಳೂ ಸಾಯುತ್ತವೆ, ಆದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ. 2010ರಲ್ಲಿ ಅಮೆರಿಕದಲ್ಲಿ ಹಾವುಗಳ ಆಹಾರಕ್ಕೆಂದು ಮಾರಿದ ಹೆಪ್ಪುಗಟ್ಟಿದ ಇಲಿಗಳಿಂದಲೇ ಜನರಿಗೆ, ಅದರಲ್ಲೂ ಮಕ್ಕಳಿಗೆ, ಈ ಸೋಂಕು ಹರಡಿತ್ತು. ಅಡುಗೆಮನೆಯ ಪಾತ್ರೆ, ಅಡುಗೆಮನೆಯ ತೊಟ್ಟಿ, ಅಡುಗೆಮನೆಯ ಫ್ರಿಜ್ ಇದಕ್ಕೆ ಸಲ್ಲದು. ನಾನು ಹಳೆಯದೊಂದು ಸಣ್ಣ ಫ್ರಿಜ್ಜನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟಿದ್ದೇನೆ. ಅಮ್ಮನ ಸಲುವಾಗಿ ಮಾಡಿದ ಏರ್ಪಾಡು ಅದು. ಆರೋಗ್ಯದ ಸಲುವಾಗಿಯೂ ಹಾಗೆಯೇ ಮಾಡಬೇಕಿತ್ತೆಂದು ಆಮೇಲೆ ತಿಳಿಯಿತು.

ಇನ್ನು ಕೊಡುವ ಬಗೆ. ಹೊಸದಾಗಿ ತಂದ ಹಾವನ್ನು ಒಂದು ವಾರ ಮುಟ್ಟಲೇಬಾರದು. ಕಣ್ಣು ಹಾಲುಬಿಳುಪಾಗಿ ಪೊರೆ ಬಿಡುವ ಹೊತ್ತಿನಲ್ಲಿ ಕೊಡುವುದು ವ್ಯರ್ಥ. ಕತ್ತಲಾದ ಮೇಲೆ, ಮನೆಯ ಸದ್ದಡಗಿದ ಮೇಲೆ, ಸುಮಾರು ಒಂದಡಿ ಉದ್ದದ ಇಕ್ಕುಳದಲ್ಲಿ ಇಲಿಯನ್ನು ಬೆನ್ನಿನ ಮೇಲೆ ಹಿಡಿದು, ಅದರ ತಲೆಗೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಅರ್ಧ ನಿಮಿಷ ಬಿಟ್ಟು, ಹಾವು ಅಡಗಿರುವ ಗೂಡಿನ ಬಾಯಿಗೆ ತರಬೇಕು. ತಲೆ ಮೈಗಿಂತ ತುಸು ಬಿಸಿಯಾಗಿದ್ದರೆ ಹಾವು ಎಲ್ಲಿ ಹಿಡಿಯಬೇಕೆಂಬುದನ್ನು ತಾನೇ ಕಂಡುಕೊಳ್ಳುತ್ತದೆ. ಮೂತಿಗೆ ತಾಗಿಸಿ ಕುಟ್ಟುವ ಅಭ್ಯಾಸ ಕೆಲವರಿಗಿದೆ; ಪುಕ್ಕಲು ಸ್ವಭಾವದ ಬಾಲ್ ಪೈಥಾನ್ ಅದರಿಂದ ಚೆಂಡಾಗಿ ಸುತ್ತಿಕೊಳ್ಳುತ್ತದೆ, ಆ ರಾತ್ರಿ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಇಲಿ ನಡೆದುಹೋಗುವಂತೆ ಪಕ್ಕದಿಂದ ಪಕ್ಕಕ್ಕೆ ಮೆಲ್ಲಗೆ ಅಲುಗಿಸಿದರೆ ಸಾಕು. ನಾಲಗೆ ಬೇಗಬೇಗ ಆಡತೊಡಗಿ, ಕುತ್ತಿಗೆ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಮಡಚಿಕೊಂಡರೆ ನಿಮ್ಮ ಕೈಯನ್ನು ಅಲುಗಿಸದೆ ನಿಲ್ಲಿಸಿ. ಹೊಡೆದು ಸುತ್ತಿಕೊಂಡ ಮೇಲೆ ಇಕ್ಕುಳವನ್ನು ಸಡಿಲಿಸಿ, ದೀಪ ಹಾಕದೆ, ಹೊರಗೆ ಹೋಗಿಬಿಡಬೇಕು.

ಹೊಡೆಯದಿದ್ದರೆ ಬಿಸಿ ಇಲಿಯನ್ನು ಗೂಡಿನ ಬಾಯಿಯಲ್ಲಿ ತಟ್ಟೆಯ ಮೇಲಿಟ್ಟು ರಾತ್ರಿಯಿಡೀ ಬಿಡಬಹುದು. ಯಾರೂ ಇಲ್ಲದಾಗ ತಿನ್ನುವ ಹಾವುಗಳು ಬಹಳ. ಬೆಳಿಗ್ಗೆ ಉಳಿದಿದ್ದರೆ ತೆಗೆಯಬೇಕು, ನಮ್ಮ ಸೆಕೆಗೆ ಅದು ಬೇಗ ಕೊಳೆಯುತ್ತದೆ. ಅದೂ ಸಾಗದಿದ್ದರೆ ಗಾಳಿತೂತುಗಳಿರುವ ಸಣ್ಣ ಡಬ್ಬಿಯೊಳಗೆ ಹಾವನ್ನೂ ಇಲಿಯನ್ನೂ ಒಟ್ಟಿಗೆ ಇಟ್ಟು, ಡಬ್ಬಿಯನ್ನು ಪೆಟ್ಟಿಗೆಯ ಬೆಚ್ಚಗಿನ ಭಾಗದಲ್ಲಿರಿಸುವ ಕ್ರಮವಿದೆ. ಇಕ್ಕಟ್ಟಾದ ಜಾಗದಲ್ಲಿ ಬಾಲ್ ಪೈಥಾನಿಗೆ ಧೈರ್ಯ ಬರುತ್ತದೆ. ವಾಸನೆಯನ್ನು ಹೆಚ್ಚಿಸಲು ಜೀವಂತ ಇಲಿಗಳಿದ್ದ ಗೂಡಿನ ಮರದ ಹೊಟ್ಟನ್ನು ಬೇಡಿ ತಂದು ಅದರಲ್ಲಿ ಕರಗಿದ ಇಲಿಯನ್ನು ಹೊರಳಿಸುವುದುಂಟು. ಇಲಿಯ ತಲೆಬುರುಡೆಯನ್ನು ಸೂಜಿಯಿಂದ ಚುಚ್ಚಿ ಒಳಗಿನ ದ್ರವದ ವಾಸನೆ ಹೊರಬರುವಂತೆ ಮಾಡುವ ಉಪಾಯವೂ ಇದೆ. ಕೇಳಲು ಹೇಸಿಗೆಯಾದರೂ ಅದು ಫಲ ಕೊಟ್ಟದ್ದನ್ನು ಕಂಡಿದ್ದೇನೆ. ಕಾರ್ನ್ ಸ್ನೇಕ್‌ಗೆ ಶಾಖದ ಗುಳಿಗಳಿಲ್ಲ, ಆದ್ದರಿಂದ ಅಲ್ಲಿ ಬಿಸಿಗಿಂತ ವಾಸನೆಯೇ ಮುಖ್ಯ. ಅದರ ಮರಿಗಳು ಕಾಡಿನಲ್ಲಿ ಹಲ್ಲಿ, ಕಪ್ಪೆಗಳನ್ನು ಹಿಡಿಯುವಂಥವು. ಕೂದಲು ಹುಟ್ಟದ ಇಲಿಮರಿಯನ್ನು ಮೊದಮೊದಲು ಆಹಾರವೆಂದೇ ಅರಿಯವು.

ಒಮ್ಮೆ ನಿರಾಕರಿಸಿದ ಮೇಲೆ ಮತ್ತೆ ಕೊಡುವುದಕ್ಕೆ ಏಳರಿಂದ ಹತ್ತು ದಿನ ಬಿಡಬೇಕು. ದಿನ ಬಿಟ್ಟು ದಿನ ಇಕ್ಕುಳ ಹಿಡಿದು ಹೋದರೆ ಹಾವು ಇಕ್ಕುಳಕ್ಕೇ ಹೆದರತೊಡಗುತ್ತದೆ. ಈ ಕಾಯುವಿಕೆ ಬಹಳ ಕಷ್ಟ ಎಂಬುದನ್ನು ಒಪ್ಪುತ್ತೇನೆ. ಒಂದು ಹೊತ್ತು ಉಣ್ಣದ ಮಗುವಿನ ಹಿಂದೆ ತುತ್ತು ಹಿಡಿದು ಅಂಗಳವೆಲ್ಲ ಓಡಾಡುವ ಜನ ನಾವು. ಆದರೆ ಹಾವಿನ ಹಸಿವಿನ ಲೆಕ್ಕ ಬೇರೆ. ಅದು ಮೈಯ ಶಾಖವನ್ನು ತಾನಾಗಿ ಹುಟ್ಟಿಸಿಕೊಳ್ಳುವುದಿಲ್ಲವಾದ್ದರಿಂದ ಅದಕ್ಕೆ ಬೇಕಾದ ಶಕ್ತಿ ಬಹಳ ಕಡಿಮೆ. ಊಟವಿಲ್ಲದಾಗ ಕರುಳು ಕುಗ್ಗಿಕೊಂಡು ವಿಶ್ರಮಿಸುತ್ತದೆ. ಉಂಡಾಗ ಇಡೀ ಮೈ ಎದ್ದು ನಿಲ್ಲುತ್ತದೆ. ಬರ್ಮಾ ಹೆಬ್ಬಾವಿನಲ್ಲಿ ಊಟವಾದ 48 ಗಂಟೆಗಳೊಳಗೆ ಹೃದಯದ ಮುಖ್ಯ ಕೋಣೆಯೇ ಶೇ. 40ರಷ್ಟು ಬೆಳೆಯುತ್ತದೆಂದು 2005ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹೀಗಿರುವ ಪ್ರಾಣಿ, ಅದರಲ್ಲೂ ಬೆಳೆದ ಬಾಲ್ ಪೈಥಾನ್, ತಿಂಗಳುಗಟ್ಟಲೆ ಉಪವಾಸವಿದ್ದರೂ ಗಟ್ಟಿಯಾಗಿಯೇ ಇರಬಲ್ಲದು. ನಾವು ನಂಬಬೇಕಾದದ್ದು ನಮ್ಮ ಕಳವಳವನ್ನಲ್ಲ, ತಕ್ಕಡಿಯನ್ನು. ವಾರಕ್ಕೊಮ್ಮೆ ತೂಗಿ ಪುಸ್ತಕದಲ್ಲಿ ಬರೆದಿಡಿ. ಮೈತೂಕದ ಹತ್ತನೆಯ ಒಂದು ಪಾಲು ಇಳಿದರೆ, ಬಾಯಿಯಲ್ಲಿ ಲೋಳೆ ಕಂಡರೆ, ಉಸಿರಿನಲ್ಲಿ ಸದ್ದಿದ್ದರೆ, ಹಾವುಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಹೋಗಬೇಕು. ಮರಿಗಳ ವಿಷಯದಲ್ಲಿ ಇಷ್ಟು ಕಾಯಬಾರದು. ಬಾಯಿ ತೆರೆಸಿ ತುರುಕುವ ಕೆಲಸವನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬೇಡಿ.

ನನ್ನ ಹಾವು ಏಳು ಸಲ ನಿರಾಕರಿಸಿತು. ಆಟಿ ತಿಂಗಳ ಮಳೆ, ದಿನವಿಡೀ ತಂಪು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಇಲಿಯಲ್ಲಿ ತಪ್ಪೇನಿದೆಯೆಂದು ಹುಡುಕುತ್ತಿದ್ದ ನಾನು ಒಂದು ದಿನ ಪೆಟ್ಟಿಗೆಯೊಳಗಿನ ತಾಪಮಾಪಕವನ್ನು ಸರಿಯಾಗಿ ನೋಡಿದೆ. ಬೆಚ್ಚಗಿನ ಮೂಲೆಯಲ್ಲಿ 31ರಿಂದ 33 ಡಿಗ್ರಿ ಇರಬೇಕಾದಲ್ಲಿ 26 ಇತ್ತು. ಆ ತಂಪಿನಲ್ಲಿ ಉಂಡರೆ ಅರಗುವುದಿಲ್ಲವೆಂಬುದು ಹಾವಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ಥರ್ಮೋಸ್ಟಾಟನ್ನು ಸರಿಪಡಿಸಿ, ಇನ್ವರ್ಟರಿಗೆ ಹೀಟ್ ಮ್ಯಾಟನ್ನು ಜೋಡಿಸಿ, ಹತ್ತು ದಿನ ಬಿಟ್ಟು, 80 ಗ್ರಾಮಿನ ಒಂದು ಇಲಿಯನ್ನು ಬೆಚ್ಚಗೆ ಮಾಡಿ ಗೂಡಿನ ಬಾಯಿಗೆ ಹಿಡಿದೆ. ನಾಲ್ಕು ನಿಮಿಷ ನಾಲಗೆ ಮಾತ್ರ ಆಡುತ್ತಿತ್ತು. ಐದನೆಯ ನಿಮಿಷದಲ್ಲಿ ಇಕ್ಕುಳ ನನ್ನ ಕೈಯಲ್ಲಿ ಜಗ್ಗಿದಂತಾಯಿತು. ಹೊಡೆದದ್ದು ಕಣ್ಣಿಗೆ ಕಾಣಲೇ ಇಲ್ಲ.

ಕರೆಂಟಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ತುಂಬಿದ ಫ್ರೀಜರನ್ನು ಬಾಗಿಲು ತೆರೆಯದೆ ಬಿಟ್ಟರೆ ಸುಮಾರು ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಣ್ಣಗಿರುತ್ತದೆ. ಆದ್ದರಿಂದ ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಇಟ್ಟು ಗಟ್ಟಿಯಾಗಿಸಿಕೊಳ್ಳಿ. ಮಳೆಗಾಲಕ್ಕೆ ಮೊದಲು ರಾಶಿ ಇಲಿ ತಂದು ತುಂಬುವುದು ಜಾಣತನವಲ್ಲ.

ಸಭೆಯಲ್ಲಿ ಒಬ್ಬರು ಕೃಷಿಕರು, ತೋಟದಲ್ಲಿ ಬೇಕಾದಷ್ಟು ಇಲಿಗಳಿರುವಾಗ ದುಡ್ಡು ಕೊಟ್ಟು ತರುವುದೇಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ತೆಂಗಿಗೂ ಅಡಿಕೆಗೂ ಹತ್ತುವ ಇಲಿಗಳಿಗೆ ನಾವೇ ಬ್ರೊಮಾಡಿಯೊಲೋನ್ ಬಿಲ್ಲೆಗಳನ್ನು ಇಡುತ್ತೇವೆ. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡಿಕೊಂಡಿರುತ್ತದೆ, ಅದರ ಮೈಯಲ್ಲಿರುವ ವಿಷ ತಿಂದವರಿಗೂ ಸೇರುತ್ತದೆ. ಮೇಲಾಗಿ ಅವುಗಳ ಮೂತ್ರದಿಂದ ಹರಡುವ ಇಲಿಜ್ವರವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ತೋಟದ ಇಲಿಯನ್ನು ತೋಟದ ಕೇರೆಗೆ ಬಿಡೋಣ. ಜೀವಂತ ಇಲಿಯನ್ನು ತಂದು ಹಾಗೆಯೇ ಫ್ರೀಜರಿಗೆ ಹಾಕುತ್ತೇನೆ ಎಂದ ಹುಡುಗನಿಗೂ ಹೇಳುತ್ತೇನೆ: ಅದು ನಿಧಾನವಾದ, ನೋವಿನ ಸಾವು. ಹಾಗೆ ಮಾಡಬೇಡ.

ಇನ್ನೊಬ್ಬ ಹಿರಿಯರು ಅನಂತಪುರದ ಕೆರೆಯ ಬಬಿಯಾನ ಮಾತು ತೆಗೆದರು. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆಯೆಂದು ನಾಡೆಲ್ಲ ಹೆಸರಾಗಿ, 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಅದರ ದರ್ಶನಕ್ಕೆ ನಾನೂ ಎಷ್ಟೋ ಸಲ ಹೋಗಿದ್ದೇನೆ. ಮೊಸಳೆ ಅನ್ನ ಉಂಡರೆ ಹಾವು ಏಕೆ ಉಣ್ಣಬಾರದು ಎಂಬುದು ಅವರ ಪ್ರಶ್ನೆ. ನನ್ನ ಅಮ್ಮ ಕೇಳಿದ್ದೂ ಅದೇ ಅಲ್ಲವೇ? ಭಕ್ತಿಯ ಮಾತನ್ನು ಭಕ್ತಿಯ ಜಾಗದಲ್ಲಿಟ್ಟು ನಾನು ಹೇಳಬಹುದಾದದ್ದು ಇಷ್ಟು: ಸೊಪ್ಪು, ಕಾಳು, ಅನ್ನ ತಿಂದು ಬದುಕುವ ಹಾವು ಜಗತ್ತಿನಲ್ಲಿ ಒಂದೂ ಇಲ್ಲ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿದ ಹಾವು ಎದುರಿಗಿಟ್ಟ ಹಾಲನ್ನು ಕುಡಿದೀತು, ಕುಡಿದು ಕಾಯಿಲೆ ಬಿದ್ದೀತು. ಬನದಲ್ಲಿ ಕಲ್ಲಿಗೆ ಹಾಲೆರೆಯುವ ಅಮ್ಮನ ತಂಬಿಲ ಈಗಲೂ ನಡೆಯುತ್ತದೆ. ಚಾವಡಿಯ ಹಾವಿನ ನೀರಿನ ಬಟ್ಟಲನ್ನು ದಿನಾ ತೊಳೆದು ತುಂಬಿಸುವವರೂ ಅವರೇ.

ಕೊನೆಯ ಪ್ರಶ್ನೆ ಶಾಲೆಗೆ ಹೋಗುವ ಹುಡುಗಿಯೊಬ್ಬಳದು: ತಾನು ಹಿಡಿದದ್ದು ಸತ್ತ ಇಲಿಯೆಂದು ಹಾವಿಗೆ ಆಮೇಲಾದರೂ ತಿಳಿಯುತ್ತದೆಯೇ? ತಿಳಿಯುತ್ತದೆ ಎನ್ನಲು ಒಂದು ಪ್ರಯೋಗವಿದೆ. ಅಮೆರಿಕದ ಸಂಶೋಧಕರು ಸತ್ತ ಇಲಿಗಳನ್ನು ಬಿಸಿ ಮಾಡಿ, ಕೆಲವುದರೊಳಗೆ ಬಡಿದುಕೊಳ್ಳುವ ಕೃತಕ ಹೃದಯವನ್ನಿಟ್ಟು, ಬೋವಾ ಹಾವುಗಳಿಗೆ ಕೊಟ್ಟರು. 2012ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹೃದಯ ಬಡಿಯುತ್ತಿದ್ದ ಇಲಿಗಳನ್ನು ಹಾವುಗಳು ಹೆಚ್ಚು ಹೊತ್ತು, ಹೆಚ್ಚು ಬಲವಾಗಿ ಬಿಗಿದವು. ಬಡಿತವಿಲ್ಲದವನ್ನು ಬೇಗ ಸಡಿಲಿಸಿದವು. ನಮ್ಮ ಚಾವಡಿಯ ಹಾವು ಆ ರಾತ್ರಿ ಇಲಿಯನ್ನು ಮೂರು ಸುತ್ತು ಸುತ್ತಿ ಸ್ವಲ್ಪ ಹೊತ್ತು ಹಿಡಿದಿತ್ತು. ಬಳಿಕ ಸುರುಳಿ ತಾನಾಗಿ ಬಿಚ್ಚಿಕೊಂಡಿತು. ನಾಲಗೆಯಾಡಿಸುತ್ತ ಇಲಿಯ ಮೈಯುದ್ದಕ್ಕೂ ಹೋಗಿ, ಬಂದು, ತಲೆ ಸಿಕ್ಕಿದ ಮೇಲೆ ದವಡೆ ತೆರೆಯಿತು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದು ಪುಸ್ತಕದಲ್ಲಿ ತಾರೀಕನ್ನೂ 80 ಗ್ರಾಂ ಎಂಬುದನ್ನೂ ಬರೆದೆ. ಮುಂದಿನ ಎರಡು ದಿನ ಪೆಟ್ಟಿಗೆಯ ಹತ್ತಿರ ಯಾರೂ ಹೋಗಬಾರದೆಂದು ಮನೆಯವರಿಗೆಲ್ಲ ಹೇಳಿದೆ.